ಆಗಮನಕಾಲದ ಕನ್ನಡವೂ ಗೋದಲಿಯೂ

ಒಂದು ಜನಸಮುದಾಯವು ದೇವರ ಮುಂದೆ ನಿಂತು ಆಡುವ ಮಾತು ಸಾಹಿತ್ಯಕ್ಕೆ ಸೇರಿದ್ದೋ ಅಲ್ಲವೋ ಎಂಬ ಪ್ರಶ್ನೆಯನ್ನು ಕನ್ನಡ ವಿಮರ್ಶಕರು ಹಿಂದೆಯೇ ತೀರ್ಮಾನಿಸಿದ್ದಾರೆ. ವಚನಗಳನ್ನೂ ದಾಸರ ಪದಗಳನ್ನೂ ಬಿಟ್ಟು ಕನ್ನಡ ಸಾಹಿತ್ಯಚರಿತ್ರೆಯನ್ನು ಬರೆಯಲು ಯಾರೂ ಒಪ್ಪಲಾರರು. ಆದರೆ ಅದೇ ನ್ಯಾಯವು ನೆರೆಮನೆಯ ಕಥೋಲಿಕ ಕ್ರೈಸ್ತರ ಪೂಜಾಭಾಷೆಗೂ ಸಲ್ಲಬೇಕೆಂಬುದು ಅಷ್ಟಾಗಿ ಗಮನಕ್ಕೆ ಬಂದಂತೆ ತೋರುವುದಿಲ್ಲ. ಡಿಸೆಂಬರ್ ತಿಂಗಳು ಬಂದಿತೆಂದರೆ ಅವರ ಮನೆಗಳ ಮುಂದೆ ನಕ್ಷತ್ರದೀಪಗಳು ತೂಗುತ್ತವೆ. ಹಬ್ಬದ ದಿನ ನೆರೆಹೊರೆಗೆ ತಿಂಡಿಯ ತಟ್ಟೆ ಬರುತ್ತದೆ. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅದರಲ್ಲಿ ಸ್ವಲ್ಪ ಸಕ್ಕರೆಯನ್ನಾದರೂ ಹಾಕಿ ಕಳುಹಿಸುವುದುಂಟು. ಪರಿಚಯವು ಅಲ್ಲಿಗೆ ಮುಗಿಯುತ್ತದೆ. ಹಬ್ಬಕ್ಕೆ ಮುಂಚಿನ ನಾಲ್ಕು ವಾರ ದೇವಾಲಯದೊಳಗೆ ಎಂತಹ ಕನ್ನಡ ಕೇಳಿಬರುತ್ತದೆ, ಅದರ ಗುಣವೇನು, ಕೊರತೆಯೇನು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಿಚಾರವನ್ನು ಒಂದು ಊರಿನ ಹೆಸರಿನಿಂದ ತೊಡಗುವುದು ಅನುಕೂಲ. ಒಂಟಿಕೊಪ್ಪಲು, ಮಂಚೇಗೌಡನ ಕೊಪ್ಪಲುಗಳಂತೆ ಕುಂಬಾರಕೊಪ್ಪಲೂ ಮೈಸೂರು ನಗರವು ಬೆಳೆಯುತ್ತ ತನ್ನೊಳಗೆ ಸೇರಿಸಿಕೊಂಡ ಹಳ್ಳಿ. ಕೊಪ್ಪಲೆಂದರೆ ಕಿರಿಯ ಊರು. ಮಣ್ಣನ್ನು ಹದಮಾಡಿ ತಿಗರಿಗೆ ಏರಿಸುವವರ ಊರೆಂದು ಹೆಸರೇ ಸಾರುತ್ತದೆ. ಕಥೋಲಿಕರ ಪೂಜಾವಿಧಿಯಲ್ಲಿ ಭಾನುವಾರದ ವಾಚನಗಳು ೩ ವರ್ಷಗಳ ಆವರ್ತದಲ್ಲಿ ಏರ್ಪಟ್ಟಿವೆ. ಅದರ ಎರಡನೆಯ ವರ್ಷದಲ್ಲಿ, ಕ್ರಿಸ್ತಜನನಕ್ಕೆ ಸಿದ್ಧರಾಗುವ ಆಗಮನಕಾಲದ ಮೊದಲ ಭಾನುವಾರ, ಯೆಶಾಯ ಪ್ರವಾದಿಯ ಗ್ರಂಥದ ೬೩ ಮತ್ತು ೬೪ನೆಯ ಅಧ್ಯಾಯಗಳಿಂದ ಆಯ್ದ ಭಾಗವನ್ನು ಓದುತ್ತಾರೆ. ೨೦೨೩ರ ಡಿಸೆಂಬರ್ ೩ರಂದು ಅದರ ಸರದಿ ಬಂದಿತ್ತು. ಅಲ್ಲಿ ನೊಂದ ಜನರು ಆಕಾಶವನ್ನು ಸೀಳಿಕೊಂಡು ಇಳಿದು ಬರಬೇಕೆಂದು ದೇವರಲ್ಲಿ ಮೊರೆಯಿಡುತ್ತಾರೆ. ಅವನನ್ನು ತಂದೆಯೆಂದು ಕರೆದು, ತಾವು ಮಣ್ಣೆಂದೂ ಅವನು ಕುಂಬಾರನೆಂದೂ ನಿವೇದಿಸಿಕೊಳ್ಳುತ್ತಾರೆ. ಕುಂಬಾರಕೊಪ್ಪಲಿನಂತಹ ಹೆಸರನ್ನು ದಿನವೂ ಆಡುವವರ ಕಿವಿಗೆ ಈ ಮಾತಿನ ಮೇಲೆ ವ್ಯಾಖ್ಯಾನ ಬೇಕಾಗದು.

ಕನ್ನಡಕ್ಕೂ ಸಂಸ್ಕೃತಕ್ಕೂ ಕುಂಬಾರನು ಹೊಸಬನಲ್ಲ. ಹರಿಹರನು ಕುಂಬಾರ ಗುಂಡಯ್ಯನ ಮೇಲೆ ರಗಳೆಯನ್ನು ರಚಿಸಿದ್ದಾನೆ. ಗುಂಡಯ್ಯನು ಗಡಿಗೆಯನ್ನು ಬಡಿದ ದನಿಗೆ ಶಿವನೇ ಕುಣಿದನೆಂಬುದು ಅದರ ಸೊಗಸಾದ ಪ್ರಸಂಗ. ಶಾಸ್ತ್ರಾಭ್ಯಾಸಕ್ಕೆ ಕುಳಿತ ಬಾಲಕನಿಗೆ ಮೊದಲು ಎದುರಾಗುವ ದೃಷ್ಟಾಂತವೂ ಘಟವೇ ಅಲ್ಲವೆ? ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ ಎಂದು ಅಲ್ಲಿ ವಿಂಗಡಿಸುತ್ತಾರೆ. ನಿಮಿತ್ತಕಾರಣನಾದವನಿಗೆ ಗಡಿಗೆಯ ಮೇಲೆ ಮಮತೆಯಿರಬೇಕೆಂದು ಶಾಸ್ತ್ರವು ಹೇಳುವುದಿಲ್ಲ. ಗಡಿಗೆ ಮಾರಿಹೋದರೆ ಅವನ ಕೆಲಸ ತೀರಿತು. ಪ್ರವಾದಿಯಾದರೋ ಒಂದೇ ಉಸಿರಿನಲ್ಲಿ ಕುಂಬಾರನನ್ನು ತಂದೆಯೂ ಆಗಿಸುತ್ತಾನೆ. ಆಗ ರೂಪಕದ ಸ್ವರೂಪವೇ ಬದಲಾಗುತ್ತದೆ. ಮಾಡಿದವನು ಮಾಡಿದುದನ್ನು ಬಿಟ್ಟಿರಲಾರನು, ಹುಡುಕಿಕೊಂಡು ಬರಬೇಕು ಎಂಬ ನಿರೀಕ್ಷೆ ಅದರಿಂದ ಹುಟ್ಟುತ್ತದೆ. ಈ ವಾಚನವನ್ನು ಆಗಮನಕಾಲದ ಬಾಗಿಲಲ್ಲಿಯೇ ಇರಿಸಿದವರು ಔಚಿತ್ಯವನ್ನು ಬಲ್ಲವರೆಂಬುದರಲ್ಲಿ ಸಂದೇಹವಿಲ್ಲ.

ಇದನ್ನು ಕನ್ನಡದಲ್ಲಿ ಕೇಳುವ ಅವಕಾಶವು ಕಥೋಲಿಕರಿಗೆ ಬಂದು ಬಹುಕಾಲವಾಗಿಲ್ಲ. ಮೈಸೂರು ಸೀಮೆಯಲ್ಲಿ ಅವರ ಇತಿಹಾಸ ಹಳೆಯದು. ೧೭ನೆಯ ಶತಮಾನದ ನಡುವಿನಲ್ಲಿ ಇಟಲಿಯ ಜೆಸುಯಿಟ್ ಗುರು ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಮೈಸೂರು ಮಿಷನ್ನಿಗೆ ತಳಹದಿಯನ್ನು ಹಾಕಿದರು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಫ್ರಾನ್ಸಿನ ಅಬ್ಬೆ ದುಬುವಾ ಈ ಸೀಮೆಯ ಚದುರಿದ ಕ್ರೈಸ್ತರನ್ನು ಒಂದುಗೂಡಿಸಲು ಶ್ರಮಿಸಿದರು. ೧೮೨೩ರಲ್ಲಿ ಅವರು ಸ್ವದೇಶಕ್ಕೆ ಹಿಂದಿರುಗಿದರು. ೧೮೮೬ರಲ್ಲಿ ಮೈಸೂರು ಧರ್ಮಕ್ಷೇತ್ರವೆಂಬ ಪದವಿಯನ್ನು ಪಡೆಯಿತು. ೧೯೩೩ರ ಅಕ್ಟೋಬರ್ ೨೮ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಈಗಿನ ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲನ್ನಿಟ್ಟರು. ಜರ್ಮನಿಯ ಕೊಲೋನ್ ಮಹಾದೇವಾಲಯವನ್ನು ನೆನಪಿಗೆ ತರುವ ಅದರ ಅವಳಿ ಶಿಖರಗಳು ೧೭೫ ಅಡಿ ಎತ್ತರವಾಗಿ ಊರಿನ ಬಹುಭಾಗಕ್ಕೆ ಕಾಣುವಂತೆ ನಿಂತಿವೆ. ಆದರೆ ಅದು ಕಟ್ಟಲ್ಪಟ್ಟ ಕಾಲದಲ್ಲಿ ಬೋಧನೆಗೂ ಜಪಕ್ಕೂ ದೇಶಭಾಷೆಯಿದ್ದರೂ ಪೀಠದ ಬಳಿ ಗುರುಗಳು ಉಚ್ಚರಿಸುತ್ತಿದ್ದುದು ಲ್ಯಾಟಿನ್ ಭಾಷೆಯನ್ನು. ಅರ್ಥವು ತಿಳಿಯದಿದ್ದರೂ ಮಂತ್ರವನ್ನು ಭಕ್ತಿಯಿಂದ ಕೇಳುವ ಮನೆತನಗಳಿಗೆ ಈ ಸ್ಥಿತಿ ಅಪರಿಚಿತವಾದುದಲ್ಲ.

ರೋಮಿನಲ್ಲಿ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರ ಡಿಸೆಂಬರ್ ೪ರಂದು ಪೂಜಾವಿಧಿಯನ್ನು ಕುರಿತ ಶಾಸನವನ್ನು ಪ್ರಕಟಿಸಿ ದೇಶಭಾಷೆಗಳಿಗೆ ಬಾಗಿಲನ್ನು ತೆರೆಯಿತು. ಪರಿಷ್ಕೃತವಾದ ಪೂಜಾಕ್ರಮವು ಜಾರಿಗೆ ಬಂದುದು ೧೯೬೯ರ ನವೆಂಬರ್ ೩೦ರಿಂದ. ಆ ದಿನ ಆಗಮನಕಾಲದ ಮೊದಲ ಭಾನುವಾರ. ಕಥೋಲಿಕರ ಧಾರ್ಮಿಕ ಸಂವತ್ಸರವು ಆರಂಭವಾಗುವುದೂ ಅಂದಿನಿಂದಲೇ. ಅದು ಅವರ ಯುಗಾದಿ ಎನ್ನಬಹುದು. ಹೀಗೆ ದೇಶಭಾಷೆಯ ಪೂಜೆಗೂ ಆಗಮನಕಾಲಕ್ಕೂ ಒಂದು ಹುಟ್ಟಿನ ಸಂಬಂಧವಿದೆ.

ಶತಮಾನಗಳ ಲ್ಯಾಟಿನ್ ಪರಿಭಾಷೆಗೆ ಕನ್ನಡದಲ್ಲಿ ಸಮಾನಪದಗಳನ್ನು ನಿಲ್ಲಿಸುವುದು ಸಾಮಾನ್ಯವಾದ ಕೆಲಸವಲ್ಲ. ಈಗ ಬಳಕೆಯಲ್ಲಿರುವ ಪದಗಳಲ್ಲಿ ಕೆಲವನ್ನು ಪರೀಕ್ಷಿಸಿದರೆ ಅವುಗಳ ಬೆಲೆ ತಿಳಿಯುತ್ತದೆ. ನಿತ್ಯದ ಆರಾಧನೆಗೆ ಅವರು ಬಲಿಪೂಜೆ ಎನ್ನುತ್ತಾರೆ. ಸಂಸ್ಕೃತದಲ್ಲಿ ಬಲಿಯೆಂದರೆ ಅರ್ಪಣೆ. ವೈಶ್ವದೇವದಲ್ಲಿ ಬಲಿಹರಣವೆಂಬುದು ಅನ್ನದ ಅರ್ಪಣೆಯೇ. ಕನ್ನಡದ ನಿತ್ಯವ್ಯವಹಾರದಲ್ಲಾದರೋ ಬಲಿ ಎಂದೊಡನೆ ರಕ್ತವು ನೆನಪಾಗುತ್ತದೆ. ಪೂಜೆಯೆಂದರೆ ಹೂವು, ನೀರು, ದೀಪ. ಶಿಲುಬೆಯ ಮೇಲೆ ಸುರಿದ ರಕ್ತವನ್ನು ರೊಟ್ಟಿ, ದ್ರಾಕ್ಷಾರಸಗಳ ಶಾಂತವಾದ ಅರ್ಪಣೆಯಲ್ಲಿ ಕಾಣುವ ಆ ವಿಧಿಗೆ ಈ ಎರಡು ಮಾತುಗಳ ಸಮಾಸಕ್ಕಿಂತ ಒಪ್ಪುವ ಹೆಸರನ್ನು ಹುಡುಕುವುದು ಕಷ್ಟ. ಪರಮಪ್ರಸಾದವೂ ಅಂತಹುದೇ. ಪ್ರಸಾದವನ್ನು ಅಷ್ಟಾವರಣಗಳಲ್ಲಿ ಒಂದೆಂದು ಎಣಿಸಿದ ಶರಣರ ನಾಡಿನಲ್ಲಿ ಆ ಮಾತಿಗೆ ಎಂಟುನೂರು ವರ್ಷಗಳಿಗೂ ಮೀರಿದ ತೂಕವಿದೆ. ಸುವಾರ್ತೆಗೆ ಶುಭಸಂದೇಶವೆಂಬ ಪದವನ್ನು ಬಳಸುತ್ತಾರೆ. ಮೇಘದೂತವನ್ನು ಓದಿದವರಿಗೆ ಸಂದೇಶವೆಂದರೆ ಬರಿಯ ಸುದ್ದಿಯಲ್ಲ. ದೂರದಲ್ಲಿರುವ ಪ್ರಿಯನೊಬ್ಬನು ದೂತನ ಬಾಯಲ್ಲಿ ಹೇಳಿಕಳುಹಿಸಿದ ಮಾತು. ದೇವದೂತನು ಕನ್ಯೆ ಮರಿಯಮ್ಮನ ಬಳಿಗೆ ಬರುವ ಪ್ರಸಂಗದಲ್ಲಿ ಈ ಪದವು ತನ್ನ ಪೂರ್ಣವಾದ ಕಾಂತಿಯಿಂದ ಬೆಳಗುತ್ತದೆ.

ಕ್ರಿಸ್ತಜಯಂತಿಯ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಜಯಂತಿಯೆಂಬ ಮಾತು ಮೊದಲು ಶ್ರೀಕೃಷ್ಣನ ಜನ್ಮಕಾಲದ ರೋಹಿಣೀಯೋಗಕ್ಕೆ ಸಂದು, ಬಳಿಕ ನೃಸಿಂಹ, ಶಂಕರ, ಬಸವ ಮೊದಲಾದವರ ಜನ್ಮದಿನಗಳಿಗೆ ವ್ಯಾಪಿಸಿತು. ಕೃಷ್ಣನು ಸೆರೆಮನೆಯಲ್ಲಿ ಅರ್ಧರಾತ್ರಿಯಲ್ಲಿ ಹುಟ್ಟಿದನು; ಕ್ರಿಸ್ತನ ಜನನದ ಮೊದಲ ಬಲಿಪೂಜೆಯೂ ರಾತ್ರಿಯದು, ಜನ್ಮಸ್ಥಾನವೂ ದನಗಳ ತಾಣ. ಇಷ್ಟರಮಟ್ಟಿಗೆ ಪದವು ಕನ್ನಡಿಗರ ಮನಸ್ಸಿನೊಳಗೆ ಸುಲಭವಾಗಿ ಪ್ರವೇಶಿಸುತ್ತದೆ. ಕಥೋಲಿಕರಲ್ಲಿಯೇ ಕೆಲವರು ಇದನ್ನು ಆಕ್ಷೇಪಿಸಬಹುದು. ಅವತಾರಗಳು ಯುಗಯುಗಕ್ಕೂ ಆಗುವವು, ದೇವರು ಮನುಷ್ಯನಾದುದು ಒಂದೇ ಸಲ. ಜಯಂತಿಯೆಂದರೆ ಆ ಭೇದವು ಮರೆಯಾಗುವುದಿಲ್ಲವೆ ಎಂದು ಅವರ ಶಂಕೆ. ಇನ್ನೊಂದು ಕಡೆಯಿಂದ, ನಮ್ಮ ಮಾತುಗಳನ್ನು ಅನ್ಯಮತದವರು ಉಡುಪಿನಂತೆ ತೊಟ್ಟುಕೊಂಡಿದ್ದಾರೆ ಎಂದು ಗೊಣಗುವವರೂ ಇಲ್ಲದಿಲ್ಲ. ೧೬೦೬ರಲ್ಲಿ ಮಧುರೆಗೆ ಬಂದು ಸಂನ್ಯಾಸಿಯ ವೇಷವನ್ನು ಧರಿಸಿ ಸಂಸ್ಕೃತವನ್ನು ಕಲಿತ ರಾಬರ್ಟೊ ದೆ ನೊಬಿಲಿಯ ಕಾಲದಿಂದಲೂ ಈ ಎರಡು ಬಗೆಯ ಆಕ್ಷೇಪಗಳು ಜೊತೆಜೊತೆಯಾಗಿ ನಡೆದುಬಂದಿವೆ.

ಎರಡಕ್ಕೂ ಉತ್ತರವು ಒಂದೇ. ಶಬ್ದಗಳು ಯಾರ ಸ್ವತ್ತೂ ಅಲ್ಲ. ನಿರ್ವಾಣ, ಸಂಘ, ಧರ್ಮ ಎಂಬ ಮಾತುಗಳು ಎಷ್ಟು ಮತಗಳ ಬಾಯಲ್ಲಿ ಎಷ್ಟು ಅರ್ಥಗಳನ್ನು ತಾಳಿವೆಯೆಂಬುದನ್ನು ಬಲ್ಲವರು ಇದರಲ್ಲಿ ಅಪಚಾರವನ್ನು ಕಾಣರು. ಕನ್ನಡದ ಆದಿಕವಿ ಪಂಪನು ಜೈನನಾಗಿದ್ದು ಭಾರತದ ಕಥೆಯನ್ನು ಹೇಳಿದನು. ಅದರಿಂದ ಭಾರತಕ್ಕೂ ಕುಂದಾಗಲಿಲ್ಲ, ಪಂಪನ ಧರ್ಮಕ್ಕೂ ಕುಂದಾಗಲಿಲ್ಲ, ಕನ್ನಡಕ್ಕೆ ಮಾತ್ರ ಲಾಭವಾಯಿತು. ಪದವೊಂದು ಹೊಸ ಅರ್ಥವನ್ನು ಹೊರಬಲ್ಲುದೇ ಎಂಬುದಷ್ಟೇ ವಿಮರ್ಶಕನು ಕೇಳತಕ್ಕ ಪ್ರಶ್ನೆ. ಆ ಒರೆಗಲ್ಲಿಗೆ ಹಚ್ಚಿದಾಗ ಬಲಿಪೂಜೆ, ಪ್ರಸಾದ, ಸಂದೇಶಗಳು ಅಪ್ಪಟವಾದ ಚಿನ್ನ. ಜಯಂತಿಯು ಒಳ್ಳೆಯ ಚಿನ್ನ, ಸ್ವಲ್ಪ ಬೆರಕೆಯುಳ್ಳದ್ದು.

ಆಗಮನವೆಂಬ ಪದವು ಲ್ಯಾಟಿನಿನ ಮೂಲಕ್ಕೆ ಅಕ್ಷರಶಃ ಸಮ. ಉಪಸರ್ಗಕ್ಕೆ ಉಪಸರ್ಗ, ಧಾತುವಿಗೆ ಧಾತು. ಆದರೂ ಇಲ್ಲಿಯೇ ಒಂದು ಕೊರತೆ ಕಾಣುತ್ತದೆ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳನ್ನು ಕನ್ನಡ ಕಥೋಲಿಕರು ತಪಸ್ಸುಕಾಲವೆನ್ನುತ್ತಾರೆ. ಆ ಹೆಸರು ಭಕ್ತನು ಮಾಡಬೇಕಾದುದೇನೆಂದು ತಿಳಿಸುತ್ತದೆ. ಆಗಮನಕಾಲವೆಂಬ ಹೆಸರು ಬರುವವನ ಕಾರ್ಯವನ್ನು ಹೇಳುತ್ತದೆಯೇ ಹೊರತು ಕಾಯುವವನ ಸ್ಥಿತಿಯನ್ನು ಹೇಳುವುದಿಲ್ಲ. ಆ ಕಾಲದ ಜೀವಾಳವಾದರೋ ಕಾಯುವಿಕೆಯಲ್ಲಿಯೇ ಇದೆ. ಕಾಯುವುದೆಂದರೇನೆಂಬುದನ್ನು ಕನ್ನಡದ ಮನೆಗಳಿಗೆ ಹೇಳಿಕೊಡಬೇಕಾಗಿಲ್ಲ. ಶ್ರೀರಾಮನು ಬರುವನೆಂಬ ಗುರುವಿನ ಮಾತನ್ನು ನಂಬಿ ಮುಪ್ಪಿನವರೆಗೂ ದಾರಿಯನ್ನು ನೋಡಿದ ಶಬರಿಯ ಕಥೆ ಎಲ್ಲರ ಬಾಯಲ್ಲಿದೆ. ಅಲಂಕಾರಶಾಸ್ತ್ರಜ್ಞರು ಮನೆಯನ್ನು ಸಿಂಗರಿಸಿ ನಲ್ಲನ ದಾರಿಯನ್ನು ನೋಡುವವಳನ್ನು ವಾಸಕಸಜ್ಜಿಕೆಯೆಂದು ಬೇರೆಯಾಗಿಯೇ ಹೆಸರಿಸಿದ್ದಾರೆ. ಇಷ್ಟು ಸಂಪತ್ತಿರುವ ಭಾಷೆಯಲ್ಲಿ ಆಗಮನವೆಂಬ ಒಂದು ಮಾತು, ಸಭೆಯ ಸ್ವಾಗತಪತ್ರಿಕೆಗಳಲ್ಲಿ ಸವೆದು ಹೋದದ್ದು, ಈ ಭಾರವನ್ನೆಲ್ಲ ಒಂಟಿಯಾಗಿ ಹೊರಬೇಕಾಗಿ ಬಂದಿದೆ.

ಹೆಸರಿನಲ್ಲಿ ಕಾಣದ ಈ ಕಾಯುವಿಕೆಯು ವಿಧಿಯ ರಚನೆಯಲ್ಲಿ ಎಷ್ಟು ನಿಪುಣವಾಗಿ ಅಡಗಿದೆಯೆಂಬುದನ್ನು ಈಗ ನೋಡಬೇಕು. ನಾಲ್ಕು ಭಾನುವಾರಗಳನ್ನು ನಾಲ್ಕು ಅಂಕಗಳೆಂದು ಭಾವಿಸಿದರೆ ಆಗಮನಕಾಲವು ಒಂದು ದೃಶ್ಯಕಾವ್ಯ. ಮೊದಲನೆ ಭಾನುವಾರದ ಶುಭಸಂದೇಶವು ಎಲ್ಲ ವರ್ಷಗಳಲ್ಲಿಯೂ ಎಚ್ಚರವನ್ನು ಕುರಿತದ್ದು. ಒಡೆಯನು ಯಾವ ಜಾವದಲ್ಲಿ ಬರುವನೋ ತಿಳಿಯದೆಂದು ಬಾಗಿಲು ಕಾಯುವವನಿಗೆ ಅಪ್ಪಣೆಯಾಗುತ್ತದೆ. ಅಲ್ಲಿ ಮಗುವಿನ ಸುಳಿವೇ ಇಲ್ಲ. ಲೋಕಾಂತ್ಯದಲ್ಲಿ ಬರುವ ನ್ಯಾಯಾಧಿಪತಿಯ ಭಯವಿದೆ. ಎರಡನೆಯ, ಮೂರನೆಯ ಭಾನುವಾರಗಳಲ್ಲಿ ಸ್ನಾನಿಕ ಯೊವಾನ್ನನು ಕಾಡಿನಿಂದ ಬಂದು ದಾರಿಯನ್ನು ಹಸನುಮಾಡಿರೆಂದು ಗುಡುಗುತ್ತಾನೆ. ನಾಲ್ಕನೆಯದರಲ್ಲಿ ಮಾತ್ರವೇ ಮರಿಯಮ್ಮನೂ ಜೋಸೆಫನೂ ರಂಗಕ್ಕೆ ಬರುತ್ತಾರೆ. ಭಯದಿಂದ ವಾತ್ಸಲ್ಯಕ್ಕೆ, ಲೋಕದ ಕೊನೆಯಿಂದ ಒಂದು ಮನೆಯ ಒಳಗಿನವರೆಗೆ, ಕಥೆಯು ಕಿರಿದಾಗುತ್ತ ಆಳವಾಗುತ್ತ ಬರುತ್ತದೆ.

ಗುರುಗಳ ಉಡುಪು ಈ ಕಾಲದಲ್ಲಿ ನೇರಳೆ. ಮೂರನೆಯ ಭಾನುವಾರ ಮಾತ್ರ, ಹರ್ಷವು ಹತ್ತಿರವಾಯಿತೆಂಬುದಕ್ಕೆ, ಗುಲಾಬಿಯ ಬಣ್ಣವನ್ನು ಧರಿಸುವುದುಂಟು. ಭಾನುವಾರದ ಪೂಜೆಯಲ್ಲಿ ಹಾಡುವ ಮಹಿಮಾಗೀತೆಯನ್ನು ಈ ನಾಲ್ಕು ವಾರ ನಿಲ್ಲಿಸಿಬಿಡುತ್ತಾರೆ. ಅದು ದೇವದೂತರು ಕುರಿ ಕಾಯುವವರಿಗೆ ಆಕಾಶದಿಂದ ಕೇಳಿಸಿದ ಹಾಡಿನಿಂದ ಆರಂಭವಾಗುವ ಗೀತೆ. ಆ ರಾತ್ರಿ ಬರುವ ಮೊದಲು ಅದನ್ನು ಹಾಡಿದರೆ ಕಥೆಯು ಮುಂದಾಗಿಯೇ ಒಡೆದುಹೋಗುವುದಲ್ಲವೆ? ಹಾಡನ್ನು ತಡೆದು ಹಿಡಿದಷ್ಟೂ ಹಬ್ಬದ ರಾತ್ರಿ ಅದು ಗಂಟೆಗಳೊಡನೆ ಹೊಮ್ಮಿದಾಗ ಮೈ ನವಿರೇಳುತ್ತದೆ. ಇಷ್ಟವಾದುದಕ್ಕೆ ವಿಳಂಬವನ್ನು ಸಹಿಸಲಾರದ ಮನಃಸ್ಥಿತಿಯನ್ನು ಆಲಂಕಾರಿಕರು ಔತ್ಸುಕ್ಯವೆಂದು ಕರೆದು ೩೩ ವ್ಯಭಿಚಾರಿಭಾವಗಳಲ್ಲಿ ಸೇರಿಸಿದ್ದಾರೆ; ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ವತ್ಸಲವನ್ನು ರಸವೆಂದು ಒಪ್ಪಿದ್ದಾನೆ. ಔತ್ಸುಕ್ಯದಿಂದ ಪುಷ್ಟವಾದ ವತ್ಸಲರಸಕ್ಕೆ ಇದಕ್ಕಿಂತ ಕ್ರಮಬದ್ಧವಾದ ಉದಾಹರಣೆಯು ಸುಲಭವಾಗಿ ಸಿಕ್ಕದು.

ಡಿಸೆಂಬರ್ ೧೭ರಿಂದ ೨೩ರವರೆಗಿನ ಏಳು ದಿನಗಳಲ್ಲಿ ವೇಗವು ಹೆಚ್ಚುತ್ತದೆ. ೧೭ರಂದು ಮತ್ತಾಯನ ಗ್ರಂಥದ ಮೊದಲಲ್ಲಿರುವ ವಂಶಾವಳಿಯನ್ನು ಓದುತ್ತಾರೆ. ಹೆಸರುಗಳ ಆ ಉದ್ದವಾದ ಸಾಲು ಕೆಲವರಿಗೆ ಬೇಸರವನ್ನು ತರಬಹುದು. ಗೋತ್ರಪ್ರವರಗಳನ್ನು ಹೇಳಿ ರೂಢಿಯಾದವರಿಗೆ ತರಲಾರದು. ಅದರಲ್ಲಿ ತಾಮಾರ, ರಾಹಾಬ, ರೂತ, ಊರೀಯನ ಹೆಂಡತಿ ಎಂಬ, ಲೋಕವು ಬೆರಳು ತೋರಿದ ಅಥವಾ ಹೊರಗಿನಿಂದ ಬಂದ ಸ್ತ್ರೀಯರ ಉಲ್ಲೇಖವನ್ನು ಮುಚ್ಚಿಡದೆ ಮಾಡಿರುವುದು ಗಮನಾರ್ಹ. ಅದೇ ದಿನದಿಂದ ಸಂಧ್ಯಾಪ್ರಾರ್ಥನೆಯಲ್ಲಿ ಏಳು ಪ್ರಾಚೀನ ಸಂಬೋಧನೆಗಳು ದಿನಕ್ಕೊಂದರಂತೆ ಬರುತ್ತವೆ. ಜ್ಞಾನವೇ, ಒಡೆಯನೇ, ಬೇರೇ, ಬೀಗದ ಕೈಯೇ, ಉದಯವೇ, ಅರಸನೇ, ನಮ್ಮೊಡನಿರುವವನೇ ಎಂದು ಕರೆಯುವ ಪ್ರತಿಯೊಂದರ ಕೊನೆಗೂ ಬಾರೆಂಬ ಬೇಡಿಕೆಯಿದೆ. ಡಿಸೆಂಬರ್ ೨೨ರ ಸಂಬೋಧನೆಯು ಮನುಷ್ಯನನ್ನು ಮಣ್ಣಿನಿಂದ ರೂಪಿಸಿದವನನ್ನು ಕುರಿತದ್ದು. ಮೊದಲ ಭಾನುವಾರದ ಕುಂಬಾರನು ಹಬ್ಬದ ಹೊಸ್ತಿಲಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ. ಇದೇ ದಿನಗಳಲ್ಲಿ ಇತ್ತ ಧನುರ್ಮಾಸವು ಹುಟ್ಟಿ, ಶ್ರೀರಂಗಪಟ್ಟಣ, ಮೇಲುಕೋಟೆಗಳಲ್ಲಿ ಬೆಳಕು ಹರಿಯುವ ಮೊದಲೇ ದೇವರನ್ನು ಎಚ್ಚರಿಸುತ್ತಿರುತ್ತಾರೆ. ಮನೆಗಳಲ್ಲಿ ಹುಗ್ಗಿಯ ನೈವೇದ್ಯವಾಗುತ್ತಿರುತ್ತದೆ. ಒಂದೇ ಚಳಿಯಲ್ಲಿ ಒಂದೇ ಊರಿನಲ್ಲಿ ಎರಡು ಸಮುದಾಯಗಳು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಿರುವುದನ್ನು ಕಾಣದೆ ಹೋಗುವುದು ರಸಿಕರಿಗೆ ತಕ್ಕುದಲ್ಲ.

ವಿಧಿಯು ಹೀಗೆ ಸಿದ್ಧಪಡಿಸಿದ ಭಾವಕ್ಕೆ ಮೂರ್ತರೂಪವನ್ನು ಕೊಟ್ಟುದು ಪಂಡಿತರಲ್ಲ, ಗೃಹಸ್ಥರು. ಅದರ ಹೆಸರು ಗೋದಲಿ. ದನಗಳಿಗೆ ಮೇವನ್ನು ಹಾಕುವ ತೊಟ್ಟಿಗೆ ಕನ್ನಡದಲ್ಲಿರುವ ಈ ಪದವನ್ನೇ ಕ್ರಿಸ್ತನ ಜನನದೃಶ್ಯವನ್ನು ಗೊಂಬೆಗಳಿಂದ ರಚಿಸುವ ಪದ್ಧತಿಗೂ ಬಳಸುತ್ತಾರೆ. ೧೨೨೩ರಲ್ಲಿ ಇಟಲಿಯ ಗ್ರೆಚೊ ಎಂಬ ಗ್ರಾಮದಲ್ಲಿ ಅಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯನ್ನಿರಿಸಿ, ಎತ್ತು ಕತ್ತೆಗಳನ್ನು ತರಿಸಿ, ಅಲ್ಲಿಯೇ ಬಲಿಪೂಜೆಯನ್ನು ನಡೆಯಿಸಿದನು. ಗ್ರಂಥದ ದೃಷ್ಟಿಯಿಂದ ನೋಡಿದರೆ ಈ ದೃಶ್ಯವು ಒಂದು ಸಂಕಲನ. ಗೋದಲಿಯೂ ಕುರಿ ಕಾಯುವವರೂ ಲೂಕನ ಗ್ರಂಥದವರು. ನಕ್ಷತ್ರವೂ ಪೂರ್ವದೇಶದ ಜ್ಞಾನಿಗಳೂ ಮತ್ತಾಯನವರು, ಅವರು ಮೂವರೆಂದು ಅವನು ಹೇಳುವುದಿಲ್ಲ. ಎತ್ತು ಕತ್ತೆಗಳು ಇಬ್ಬರಲ್ಲಿಯೂ ಇಲ್ಲ. ಪಶುಗಳಿಗಿರುವ ಅರಿವು ಜನರಿಗಿಲ್ಲವೆಂದು ಮರುಗುವ ಯೆಶಾಯನ ಮೊದಲನೆಯ ಅಧ್ಯಾಯದಿಂದ ಅವು ಬಂದಿವೆ. ಮೂರು ಮೂಲಗಳನ್ನು ಒಂದುಗೂಡಿಸಿ ಒಂದು ಚಿತ್ರವನ್ನು ಕಟ್ಟಿದ ಈ ಜಾಣ್ಮೆ ಜಾನಪದದ್ದು.

ಈ ಸೀಮೆಯ ಮನೆಗಳಲ್ಲಿ ಗೋದಲಿಗಾಗಿ ಕೆಲವು ದಿನ ಮುಂಚಿತವಾಗಿ ತಟ್ಟೆಯ ಮಣ್ಣಿನಲ್ಲಿ ರಾಗಿಯನ್ನು ಚೆಲ್ಲಿ ಹಸುರು ಪೈರನ್ನು ಬೆಳೆಯಿಸುವುದುಂಟು. ಮದುವೆ ಮುಂಜಿಗಳಿಗೆ ಮುನ್ನ ಪಾಲಿಕೆಯಲ್ಲಿ ಧಾನ್ಯವನ್ನು ಮೊಳೆಯಿಸುವ ಅಂಕುರಾರ್ಪಣವನ್ನು ಕಂಡವರಿಗೆ ಇದರ ಅರ್ಥವು ತಾನಾಗಿ ಹೊಳೆಯುತ್ತದೆ. ಯೆಹೂದ್ಯದೇಶದ ಕಥೆಗೆ ಮೈಸೂರಿನ ರಾಗಿಯು ಹೊಲವಾಗುತ್ತದೆ. ಮೈಸೂರಿಗರಿಗೆ ನವರಾತ್ರಿಯ ಗೊಂಬೆಗಳೂ ಪರಿಚಿತ. ಎರಡರಲ್ಲಿಯೂ ಮಣ್ಣಿನ ಗೊಂಬೆ, ಮೆಟ್ಟಿಲು, ಮಕ್ಕಳ ಗದ್ದಲ ಒಂದೇ. ಭೇದವು ಒಂದು ಸೂಕ್ಷ್ಮದಲ್ಲಿದೆ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳು ಮೊದಲ ದಿನವೇ ತಮ್ಮ ಸ್ಥಾನದಲ್ಲಿ ಕುಳಿತುಬಿಡುತ್ತವೆ. ಕ್ರಮವನ್ನರಿತವರು ಕಟ್ಟಿದ ಗೋದಲಿಯಲ್ಲಿ ಎಲ್ಲರೂ ಬಂದು ನಿಂತಿದ್ದರೂ ನಟ್ಟನಡುವಿನ ಸ್ಥಾನವು ಡಿಸೆಂಬರ್ ೨೪ರ ರಾತ್ರಿಯವರೆಗೆ ಬರಿದಾಗಿರುತ್ತದೆ. ತಾಯಿಯು ಬರಿಯ ಹುಲ್ಲನ್ನು ನೋಡುತ್ತಿರುತ್ತಾಳೆ. ಆಗಮನವೆಂಬ ಪದವು ಹೇಳಲಾರದೆ ಉಳಿಸಿದ ಕಾಯುವಿಕೆಯನ್ನು ಆ ಬರಿದಾದ ಹುಲ್ಲು ಹೇಳುತ್ತದೆ. ಧ್ವನಿಯೆಂದರೆ ಇದೇ ಅಲ್ಲವೆ?

ಗೋದಲಿಯೆಂಬ ಪದದ ಸಾರ್ಥಕತೆ ಇನ್ನೂ ಒಂದಿದೆ. ಅದು ತೊಟ್ಟಿಲಲ್ಲ, ಆಹಾರವನ್ನಿಡುವ ಪಾತ್ರೆ. ಬೆತ್ಲೆಹೇಮೆಂಬ ಊರಿನ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆಯೆಂದು ಅರ್ಥ. ರೊಟ್ಟಿಯ ಮನೆಯಲ್ಲಿ ಮೇವಿನ ತೊಟ್ಟಿಯೊಳಗೆ ಮಲಗಿದ ಮಗುವೇ ಮುಂದೆ ಪರಮಪ್ರಸಾದವಾಗುವನೆಂಬ ಸೂಚನೆಯು ಈ ಪದದಲ್ಲಿ ಗರ್ಭಿತವಾಗಿದೆ. ಸಂಸ್ಕೃತದಿಂದ ಬಂದ ಪ್ರಸಾದವೂ ಕೊಟ್ಟಿಗೆಯಿಂದ ಬಂದ ಗೋದಲಿಯೂ ಇಲ್ಲಿ ಕೈಹಿಡಿದುಕೊಳ್ಳುತ್ತವೆ. ಕಥೋಲಿಕ ಕನ್ನಡದ ಶಕ್ತಿಯಿರುವುದು ಇಂತಹ ಕೂಟದಲ್ಲಿಯೇ. ಬರಿಯ ತತ್ಸಮಗಳಿಂದ ಅದು ಮಠದ ಭಾಷೆಯಾಗುತ್ತಿತ್ತು. ಬರಿಯ ದೇಶ್ಯದಿಂದ ಗಹನವಾದ ವಿಷಯವನ್ನು ಹೊರಲಾರದೆ ಹೋಗುತ್ತಿತ್ತು. ಮಣ್ಣಿನ ಮಗುವನ್ನು ಆ ರಾತ್ರಿ ಗೋದಲಿಯಲ್ಲಿ ಇರಿಸಿದಾಗ ಕುಂಬಾರನ ರೂಪಕವೂ ಪೂರ್ಣವಾಗುತ್ತದೆ: ನಿಮಿತ್ತಕಾರಣನಾಗಿ ಹೊರಗೆ ನಿಂತಿದ್ದವನು ತಾನೇ ಮಣ್ಣಿನ ಮೈಯನ್ನು ತಾಳಿ ತಿಗರಿಯ ಮೇಲೆ ಬಂದನೆಂಬುದು ಅವರ ನಂಬಿಕೆ. ಮರುದಿನ ಹಗಲಿನ ಪೂಜೆಯಲ್ಲಿ ಯೊವಾನ್ನನ ಗ್ರಂಥದ ಆರಂಭವನ್ನು ಓದಿ, ಅನಾದಿಯಾದ ವಾಕ್ಕು ಶರೀರಿಯಾಯಿತೆಂಬ ತತ್ತ್ವವನ್ನು ಸಾರುತ್ತಾರೆ. ರಾತ್ರಿಯದು ಕಾವ್ಯ, ಹಗಲಿನದು ಶಾಸ್ತ್ರ; ಕಾವ್ಯವು ಮೊದಲು ಬಂದುದು ಯೋಗ್ಯವೇ ಆಗಿದೆ.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ಸ್ನೇಹಿತರ ಲಕ್ಷಣವಲ್ಲ. ಅನೌಚಿತ್ಯವೇ ರಸಭಂಗಕ್ಕೆ ಮೂಲವೆಂಬುದು ಆನಂದವರ್ಧನನ ಸಿದ್ಧಾಂತ. ಈಚೆಗೆ ನವೆಂಬರ್ ಮುಗಿಯುವ ಮೊದಲೇ ಅಂಗಡಿಗಳು ಹಬ್ಬವನ್ನು ಆರಂಭಿಸಿಬಿಡುತ್ತವೆ. ಅದರ ಹಿಂದೆಯೇ ಮನೆಗಳೂ ನಡೆಯುತ್ತವೆ. ಎಚ್ಚರವಾಗಿರೆಂದು ಪೀಠದಿಂದ ಓದುತ್ತಿರುವಾಗ ಹೊರಗೆ ಜನನದ ಹಾಡುಗಳು ಧ್ವನಿವರ್ಧಕದಲ್ಲಿ ಮೊಳಗುತ್ತವೆ. ಗುರುಗಳು ತಡೆದು ಹಿಡಿದ ಗೀತೆಯ ಫಲವನ್ನು ಬೀದಿಯು ಸೂರೆಮಾಡುತ್ತದೆ. ಮಗುವಿನ ಗೊಂಬೆಯನ್ನು ಮೊದಲ ದಿನವೇ ಮಲಗಿಸಿ ಕೆಲಸ ಮುಗಿಸುವುದೂ ಉಂಟು. ಮಣ್ಣಿನ ಸ್ಥಾನದಲ್ಲಿ ಥರ್ಮೋಕೋಲು, ಹುಲ್ಲಿನ ಸ್ಥಾನದಲ್ಲಿ ಪ್ಲಾಸ್ಟಿಕ್, ಭಕ್ತಿಯ ಸ್ಥಾನದಲ್ಲಿ ಬಹುಮಾನದ ಆಸೆ ಬಂದಾಗ ಗೋದಲಿಯು ಹೆಸರನ್ನೂ ಕಳೆದುಕೊಂಡು ಕ್ರಿಬ್ಬಾಗುತ್ತದೆ. ಹೆಸರು ಹೋದರೆ ಮೇವೂ ಹೋಯಿತು, ಮೇವಿನೊಡನೆ ಪ್ರಸಾದದ ಸೂಚನೆಯೂ ಹೋಯಿತು. ಇದು ಕಥೋಲಿಕರ ನಷ್ಟವಷ್ಟೇ ಅಲ್ಲ, ಕನ್ನಡದ ನಷ್ಟ. ದನದ ಕೊಟ್ಟಿಗೆಗಳು ನಗರಗಳಿಂದ ಮರೆಯಾಗುತ್ತಿರುವಾಗ ಈ ಪದವನ್ನು ವರ್ಷಕ್ಕೊಮ್ಮೆಯಾದರೂ ಎತ್ತಿ ಹಿಡಿಯುತ್ತಿರುವವರು ಅವರು.

ಹಾಡುಗಳ ವಿಷಯದಲ್ಲಿ ಕೊರತೆ ಇನ್ನೂ ಸ್ಪಷ್ಟ. ಹಬ್ಬಕ್ಕೆ ಮುಂಚೆ ಗಾಯಕರ ತಂಡಗಳು ಮನೆಮನೆಗೆ ಹೋಗಿ ಹಾಡುವ ಪದ್ಧತಿ ರಮ್ಯವಾದುದು. ಆದರೆ ಪರದೇಶದ ರಾಗಕ್ಕೆ ಕನ್ನಡದ ಮಾತನ್ನು ತುರುಕಿದಾಗ ಹ್ರಸ್ವವು ದೀರ್ಘವಾಗಿ, ದೀರ್ಘವು ಹ್ರಸ್ವವಾಗಿ, ಪದವು ನಡುವೆ ತುಂಡಾಗಿ, ಅರ್ಥವು ಬಾಯಿಯಿಂದ ಕಿವಿಗೆ ತಲಪುವ ಮೊದಲೇ ಕೆಡುತ್ತದೆ. ಬೇರೆ ದಾರಿಯುಂಟೆಂಬುದನ್ನು ನೆರೆಯ ಭಾಷೆಗಳು ತೋರಿಸಿವೆ. ೧೬೧೬ರಲ್ಲಿ ಅಚ್ಚಾದ ಕ್ರಿಸ್ತಪುರಾಣವನ್ನು ಥಾಮಸ್ ಸ್ಟೀಫನ್ಸನು ಮರಾಠಿಯ ಓವಿಯಲ್ಲಿ ರಚಿಸಿದನು. ವೀರಮಾಮುನಿಯೆಂದು ಹೆಸರಾದ ಬೆಸ್ಕಿಯು ತಮಿಳಿನ ವಿರುತ್ತಗಳಲ್ಲಿ ತೇಂಬಾವಣಿಯನ್ನು ಕಟ್ಟಿದನು. ಕನ್ನಡದಲ್ಲಿಯೂ, ಪ್ರಾಟೆಸ್ಟೆಂಟ್ ಪಂಗಡದವರಾದ ಕಿಟ್ಟೆಲರು ೧೮೬೨ರಲ್ಲಿಯೇ ಕ್ರಿಸ್ತನ ಕಥೆಯನ್ನು ದೇಶೀಯ ಛಂದಸ್ಸಿನಲ್ಲಿ ಕಥಾಮಾಲೆಯೆಂದು ಹೊರತಂದರು. ಕ್ರಿಸ್ತನ ಕಡೆಯ ದಿನವನ್ನು ಕುರಿತು ಮಂಜೇಶ್ವರದ ಗೋವಿಂದ ಪೈಗಳು ಬರೆದ ಗೊಲ್ಗೊಥಾ ಎಲ್ಲ ಮತದ ಓದುಗರಿಗೂ ಸೇರಿದ ಸ್ವತ್ತಾಗಿದೆ. ತ್ರಿಪದಿ, ಷಟ್ಪದಿ, ರಗಳೆ, ಜೋಗುಳದ ಧಾಟಿ ಇವೆಲ್ಲ ಇರುವ ಭಾಷೆಯಲ್ಲಿ ಕಾಯುವ ತಾಯಿಯ ಹಾಡಿಗೆ ಎರವಲು ರಾಗವು ಏಕೆ ಬೇಕು? ಶಬರಿಯನ್ನು ಬಲ್ಲ ಭಾಷೆಗೆ ಆಗಮನಕಾಲದ ಪದವನ್ನು ಕಟ್ಟುವುದು ಅಸಾಧ್ಯವಾದುದಲ್ಲ.

ಆದುದರಿಂದ ಈ ಸಮಾಜದ ಹಿರಿಯರಲ್ಲಿಯೂ ಕನ್ನಡದ ಕವಿಗಳಲ್ಲಿಯೂ ಬಿನ್ನವಿಸತಕ್ಕುದು ಇಷ್ಟೇ. ನಕ್ಷತ್ರವನ್ನು ಸ್ವಲ್ಪ ತಡವಾಗಿ ತೂಗಿದರೆ ಅದರ ಬೆಳಕು ಕಡಮೆಯಾಗುವುದಿಲ್ಲ. ಆಗಮನಕಾಲಕ್ಕೆ ಅದರದೇ ಆದ ಹಾಡುಗಳು, ಕನ್ನಡದ ಧಾಟಿಯಲ್ಲಿ, ಬರಲಿ. ಗೋದಲಿಯು ಗೋದಲಿಯಾಗಿಯೇ ಉಳಿಯಲಿ. ಅದರ ನಡುವಿನ ಹುಲ್ಲು ಆ ರಾತ್ರಿಯವರೆಗೆ ಬರಿದಾಗಿರಲಿ. ನೆರೆಹೊರೆಯವರೂ ತಿಂಡಿಯ ತಟ್ಟೆಯನ್ನು ತೆಗೆದುಕೊಳ್ಳುವುದಕ್ಕೆ ಮುಂಚೆ ಒಂದು ಸಂಜೆ ಹೋಗಿ, ಆ ಬರಿದಾದ ಸ್ಥಾನವನ್ನು ನೋಡಿ ಬರಲಿ.